ಬೆಳಗಿನ ಜಾವದ ನೀರು: ಒಂದು ವಿದ್ಯಾರ್ಥಿ ಪ್ರಾಜೆಕ್ಟ್ ಪ್ರಪೋಸಲ್ ರೂಪುಗೊಂಡ ಬಗೆ

ಉತ್ತರ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜು. ಸಿವಿಲ್ ವಿಭಾಗದ ಅಂತಿಮ ವರ್ಷದ ನಾಲ್ವರು, ಇಬ್ಬರು ಹುಡುಗಿಯರು ಮತ್ತು ಇಬ್ಬರು ಹುಡುಗರು, ಕೆರೆಯ ನೀರಿನ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದು ಪ್ರಪೋಸಲ್ ಬರೆದು ತಂದರು. ಅವರಿಗೆ ನಾನು ಗೈಡ್. ಪ್ರಪೋಸಲ್ ಮೊದಲು ವಿಭಾಗದ ಪರಿಶೀಲನಾ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಅಲ್ಲಿ ಪಾಸಾದರೆ ಪ್ರಿನ್ಸಿಪಾಲರ ಸಹಿಯೊಂದಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮಕ್ಕೆ ಹೋಗಬೇಕಿತ್ತು. ಐಐಎಸ್‌ಸಿ ಆವರಣದಲ್ಲಿರುವ ಈ ಮಂಡಳಿ 1970ರ ದಶಕದಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ. ರಾಜ್ಯದ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ ಅದರ ಹೆಸರು ಕೇಳದವರು ಕಡಿಮೆ.

ಆ ಪ್ರಪೋಸಲ್ ಮೊದಲ ಕರಡಿನಿಂದ ಕೊನೆಯ ರೂಪಕ್ಕೆ ಬಂದ ಹಾದಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಳತೆಗೂ ಮೊದಲೇ ಒಂದು ಕೆರೆಗೆ ಹಣೆಪಟ್ಟಿ ಕಟ್ಟುವುದು ಸರಿಯಲ್ಲ.

ಮೊದಲ ಕರಡು

ಶೀರ್ಷಿಕೆ ಹೀಗಿತ್ತು: ‘ಬೆಂಗಳೂರಿನ ಕೆರೆಗಳ ಜಲಮಾಲಿನ್ಯದ ಸಮಗ್ರ ಅಧ್ಯಯನ ಮತ್ತು ಐಒಟಿ ಆಧಾರಿತ ಪರಿಹಾರ’. ಐಒಟಿ ಅಂದರೆ ಅಂತರ್ಜಾಲಕ್ಕೆ ಜೋಡಿಸಿದ ಸೆನ್ಸರುಗಳ ವ್ಯವಸ್ಥೆ. ಹತ್ತು ಕೆರೆ, ಹದಿನಾಲ್ಕು ಬಗೆಯ ಪರೀಕ್ಷೆ, ನೀರಿನ ಮೇಲೆ ತೇಲುವ ಸೆನ್ಸರ್, ಮೇಲಿಂದ ಡ್ರೋನ್, ಸಾರ್ವಜನಿಕರಿಗೆ ಒಂದು ಆ್ಯಪ್. ಹಿನ್ನೆಲೆಯ ಭಾಗ ಕೆಂಪೇಗೌಡರು ಕಟ್ಟಿಸಿದ ಕೆರೆಗಳಿಂದ ಶುರುವಾಗಿ, ವರ್ತೂರಿನ ನೊರೆ ದಾಟಿ, 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬಿದ್ದ ಬೆಂಕಿಯವರೆಗೆ ಬಂದಿತ್ತು. ಉದ್ದೇಶಗಳ ಪಟ್ಟಿಯಲ್ಲಿ ‘ಅಧ್ಯಯನ ಮಾಡುವುದು’, ‘ವಿಶ್ಲೇಷಿಸುವುದು’, ‘ಜಾಗೃತಿ ಮೂಡಿಸುವುದು’ ಎಂಬ ಸಾಲುಗಳಿದ್ದವು.

ಓದುತ್ತಾ ಹೋದರೆ ಬರೆದವರ ಕಳಕಳಿ ಎದ್ದು ಕಾಣುತ್ತಿತ್ತು. ಕೆರೆಯ ಪಕ್ಕದಲ್ಲೇ ಬೆಳೆದ ಮಕ್ಕಳು ಅವರು, ಮೂಗು ಮುಚ್ಚಿಕೊಂಡು ಬಸ್ಸಿಗೆ ಕಾದವರು. ಆದರೆ ನಾಲ್ಕು ಜನ, ಮೂರು ತಿಂಗಳು, ಉಳಿದ ಪರೀಕ್ಷೆ-ಪ್ಲೇಸ್‌ಮೆಂಟ್‌ಗಳ ನಡುವೆ ಸಿಗುವ ಬಿಡುವು, ಇಷ್ಟರಲ್ಲಿ ಹತ್ತು ಕೆರೆ ಸುತ್ತಿದರೆ ಒಂದೊಂದು ಕೆರೆಗೆ ಒಂದೊಂದು ಮಾದರಿ ದಕ್ಕಬಹುದು. ಆ ಒಂದೊಂದು ಮಾದರಿಯಿಂದ ಹೊರಬರುವುದು ಯಾವ ಮಾತು?

ಅವರ ಮುಂದೆ ಒಂದೇ ಪ್ರಶ್ನೆ ಇಟ್ಟೆ. ಎಲ್ಲ ಅಳತೆ ಮುಗಿದ ಮೇಲೆ ವರದಿಯ ಕೊನೆಗೆ ಯಾವ ವಾಕ್ಯ ಬರೆಯಬೇಕೆಂದಿದ್ದೀರಿ, ಆ ವಾಕ್ಯ ಸುಳ್ಳಾಗುವ ಸಾಧ್ಯತೆ ಇದೆಯೇ? ಸ್ವಲ್ಪ ಹೊತ್ತು ಯೋಚಿಸಿ ಒಬ್ಬ ಹೇಳಿದ: ‘ಬೆಂಗಳೂರಿನ ಕೆರೆಗಳು ಕಲುಷಿತವಾಗಿವೆ ಅಂತ ಸರ್.’ ಅದು ಸುಳ್ಳಾಗುವ ಮಾತಲ್ಲ. ಅದಕ್ಕೆ ಪ್ರಾಜೆಕ್ಟೂ ಬೇಕಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತಿಂಗಳು ತಿಂಗಳು ನಗರದ ಕೆರೆಗಳ ನೀರನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದ ತಂಡ ವರ್ಷಗಟ್ಟಲೆ ಇದೇ ಕೆಲಸ ಮಾಡಿದೆ. ಜಕ್ಕೂರಿನಲ್ಲೇ ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆ ಇದೆ. ಇವರೆಲ್ಲ ಹೇಳಿದ್ದನ್ನೇ ಕಡಿಮೆ ಮಾದರಿ ಇಟ್ಟುಕೊಂಡು ಇನ್ನೊಮ್ಮೆ ಹೇಳುವುದು ಸಂಶೋಧನೆಯಾಗದು.

ಪ್ರಶ್ನೆ ಎಲ್ಲಿಂದ ಬಂತು

ತಂಡದ ಒಬ್ಬಳ ಮನೆ ಕೆರೆ ಏರಿಯ ಹಿಂದಿನ ಬೀದಿಯಲ್ಲಿದೆ. ಅವಳಿಗೆ ಹರಿಗೋಲಿನಲ್ಲಿ ಮೀನು ಹಿಡಿಯುವವರೊಬ್ಬರ ಪರಿಚಯವಿತ್ತು. ಅವರು ಹೇಳಿದ್ದನ್ನು ಅವಳು ಮಾತಿನ ಮಧ್ಯೆ ಎತ್ತಿದಳು: ‘ಮೋಡ ಮುಚ್ಕೊಂಡಿದ್ದ ಮಾರನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತವೆ. ಬಿಸಿಲು ಏರಿದ ಮೇಲೆ ಕೆಳಗೆ ಹೋಗ್ತವೆ.’ ಅವಳು ಇದನ್ನು ಹೇಳಿದ್ದು ಪ್ರಪೋಸಲ್‌ಗೆಂದಲ್ಲ, ಸುಮ್ಮನೆ. ನನಗೆ ಮಾತ್ರ ಅವರು ತಂದಿದ್ದ ಅಷ್ಟೂ ಪುಟಗಳಿಗಿಂತ ಆ ಒಂದು ಮಾತಿನಲ್ಲೇ ಹೆಚ್ಚು ವಿಜ್ಞಾನ ಕಂಡಿತು.

ಕಾರಣ ಇಷ್ಟು. ಒಳಚರಂಡಿ ನೀರು ಸೇರುವ ಕೆರೆಯಲ್ಲಿ ಸಾರಜನಕ, ರಂಜಕ ಯಥೇಚ್ಛವಾಗಿರುತ್ತವೆ. ಅವನ್ನು ತಿಂದು ಪಾಚಿ ಹುಲುಸಾಗಿ ಬೆಳೆಯುತ್ತದೆ, ನೀರು ಹಸಿರಾಗುತ್ತದೆ. ಹಗಲು ಬಿಸಿಲಿರುವಾಗ ಈ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ನೀರಿಗೆ ಆಮ್ಲಜನಕ ಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಪಾಚಿ, ಬ್ಯಾಕ್ಟೀರಿಯಾ, ಮೀನು, ತಳದ ಹೂಳು ಎಲ್ಲವೂ ರಾತ್ರಿಯಿಡೀ ಇದ್ದ ಆಮ್ಲಜನಕವನ್ನೇ ಖರ್ಚು ಮಾಡುತ್ತವೆ. ಹೀಗಾಗಿ ದಿನದ ಕನಿಷ್ಠ ಮಟ್ಟ ಬರುವುದು ಸೂರ್ಯೋದಯದ ಸುಮಾರಿಗೆ. ಹಿಂದಿನ ದಿನ ಮೋಡವಿದ್ದರೆ ಕೂಡಿಟ್ಟ ಆಮ್ಲಜನಕವೇ ಕಡಿಮೆ, ಕುಸಿತ ಇನ್ನೂ ಆಳ. ಜಲಪರಿಸರ ವಿಜ್ಞಾನದಲ್ಲಿ ಇದು ಹಳೆಯ ಸಂಗತಿ. ಆಮ್ಲಜನಕದ ಈ ಹಗಲು ರಾತ್ರಿಯ ಏರಿಳಿತದಿಂದಲೇ ಹರಿವ ನೀರಿನ ಜೈವಿಕ ಉತ್ಪಾದನೆಯನ್ನು ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ಪರಿಸರ ವಿಜ್ಞಾನಿ ಎಚ್.ಟಿ. ಓಡಮ್ 1956ರಲ್ಲೇ ತೋರಿಸಿದ್ದರು.

ಈಗ ದರ್ಜೆಯ ಕಡೆ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆ ಮತ್ತು ವನ್ಯಜೀವಿಗಳಿಗೆ ತಕ್ಕ ‘ಡಿ’ ದರ್ಜೆಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಬೇಕು. ತಿಂಗಳಿಗೊಂದು ಮಾದರಿ ತೆಗೆದರೆ ಸಿಗುವುದು ಒಂದು ಹೊತ್ತಿನ ಒಂದು ಸಂಖ್ಯೆ. ಅದೇ ದಿನದ ನಸುಕಿನಲ್ಲಿ ಮೀನುಗಳಿಗೆ ಉಸಿರಾಡಲು ಎಷ್ಟು ಸಿಕ್ಕಿತ್ತು ಎಂಬುದು ಆ ಸಂಖ್ಯೆಯಿಂದ ತಿಳಿಯದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಗರಕ್ಕೆ ನೆನಪಿದೆ. ಆಗಲೂ ಆಮ್ಲಜನಕದ ಕೊರತೆಯ ಮಾತೇ ಮುಂದೆ ಬಂದಿತ್ತು.

ಹೀಗೆ ಮಾತಾಡುತ್ತಾ ಪ್ರಶ್ನೆ ಮೂರು ಬಾರಿ ರೂಪ ಬದಲಿಸಿತು. ಮೊದಲು: ‘ಕೆರೆಯ ಆಮ್ಲಜನಕ ದಿನದಲ್ಲಿ ಹೇಗೆ ಬದಲಾಗುತ್ತದೆ?’ ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಆಮೇಲೆ: ‘ನಸುಕಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆಯೇ?’ ಇದಕ್ಕೂ ಬಹುತೇಕ ಹೌದು ಎಂದೇ ಉತ್ತರ. ಕೊನೆಗೆ ಹೀಗೆ ನಿಂತಿತು: ‘ಬೆಳಗ್ಗೆ 11 ಗಂಟೆಯ ಮಾದರಿ 4 ಮಿಲಿಗ್ರಾಂ ಮಿತಿಯನ್ನು ದಾಟಿದ ದಿನವೇ, ಸೂರ್ಯೋದಯಕ್ಕೆ ಮುಂಚಿನ ಮಾದರಿ ಅದೇ ಮಿತಿಗಿಂತ ಕೆಳಗೆ ಇಳಿದಿರುತ್ತದೆಯೇ?’ ಈ ಪ್ರಶ್ನೆಗೆ ಉತ್ತರ ಹೌದೂ ಆಗಬಹುದು, ಇಲ್ಲವೂ ಆಗಬಹುದು. ಎರಡರಲ್ಲಿ ಯಾವುದು ಬಂದರೂ ಕೆರೆ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ.

ಹತ್ತು ಕೆರೆಗಳಲ್ಲಿ ಒಂಬತ್ತು ಅಲ್ಲೇ ಬಿದ್ದುಹೋದವು. ಡ್ರೋನ್ ಹೋಯಿತು, ಆ್ಯಪ್ ಹೋಯಿತು. ತೇಲುವ ಸೆನ್ಸರ್ ಅಷ್ಟು ಸುಲಭವಾಗಿ ಹೋಗಲಿಲ್ಲ. ಅದನ್ನು ಕನಸು ಕಂಡಿದ್ದ ಹುಡುಗ ಒಂದು ವಾರ ವಾದ ಮಾಡಿದ, ಅವನ ವಾದದಲ್ಲಿ ಹುರುಳಿತ್ತು. ರಾತ್ರಿಯಿಡೀ ತಾನೇ ಅಳೆಯುವ ಉಪಕರಣ ಈ ಪ್ರಶ್ನೆಗೆ ಹೇಳಿ ಮಾಡಿಸಿದ್ದೇ. ಆದರೆ ಅಂಥ ಪ್ರೋಬ್ ಕೇಳಿದ್ದ ಹಣದ ಬಹುಪಾಲನ್ನು ಒಂದೇ ನುಂಗುತ್ತಿತ್ತು. ಕಳುವಾದರೆ ಅಲ್ಲಿಗೆ ಪ್ರಾಜೆಕ್ಟೇ ಮುಗಿಯಿತು. ಪಾಚಿ ದಟ್ಟವಾಗಿರುವ ನೀರಿನಲ್ಲಿ ಅದರ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟಿ ರೀಡಿಂಗ್ ತಪ್ಪುತ್ತದೆ. ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ಪರೀಕ್ಷೆಯ ಸಾಮಾನೆಲ್ಲ ಲ್ಯಾಬಿನಲ್ಲಿ ಆಗಲೇ ಇತ್ತು. ಕೊನೆಗೆ ಅವನೇ ಸೆನ್ಸರನ್ನು ‘ಮುಂದಿನ ಕೆಲಸ’ ಎಂಬ ಸಾಲಿಗೆ ಸರಿಸಿದ.

ವಿಧಾನ

ಪ್ರಪೋಸಲ್ ಬರೆಯುವವರು ವಿಧಾನದ ಭಾಗಕ್ಕೆ ಬಂದಾಗ ‘ಪ್ರಮಾಣಿತ ವಿಧಾನದಂತೆ ಪರೀಕ್ಷಿಸಲಾಗುವುದು’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಇವರೂ ಹಾಗೇ ಬರೆದಿದ್ದರು. ನನ್ನ ಅಭಿಪ್ರಾಯದಲ್ಲಿ ಪ್ರಪೋಸಲ್‌ನ ಅರ್ಧ ಜೀವ ಇರುವುದೇ ಇಲ್ಲಿ. ಅದಕ್ಕೇ ಅವರನ್ನು ಬರೆಯುವುದಕ್ಕೂ ಮುಂಚೆ ಲ್ಯಾಬಿಗೆ ಕಳಿಸಿದೆ.

ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ಈ ಪರೀಕ್ಷೆ ಇವತ್ತಿಗೂ ಡಿಒ, ಅಂದರೆ ಕರಗಿದ ಆಮ್ಲಜನಕದ ಅಳತೆಗೆ ನಂಬಿಕಸ್ಥ. 300 ಮಿ.ಲೀ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನಸ್ ಸಲ್ಫೇಟ್, ಆಮೇಲೆ ಅಯೋಡೈಡ್-ಅಜೈಡ್ ಸೇರಿಸಿದ ಕ್ಷಾರ ದ್ರಾವಣ ಬಿಟ್ಟು, ಮುಚ್ಚಳ ಹಾಕಿ ತಲೆಕೆಳಗು ಮಾಡಿ ಕಲಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಹತ್ತಿಯಂಥ ಚೂರುಗಳು ಇಳಿಯುತ್ತವೆ. ಇಲ್ಲವೇ ಇಲ್ಲವೆಂದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಮುಂದೆ ಗಂಧಕಾಮ್ಲ ಹಾಕಿದರೆ ಗಸಿ ಕರಗಿ ಅಯೋಡಿನ್ ಬಿಡುಗಡೆಯಾಗಿ ನೀರು ಹಳದಿ-ಕಂದಾಗುತ್ತದೆ. ಅದರಿಂದ 201 ಮಿ.ಲೀ. ತೆಗೆದು 0.025 ನಾರ್ಮಲ್ ಸಾಂದ್ರತೆಯ ಸೋಡಿಯಂ ಥಯೋಸಲ್ಫೇಟನ್ನು ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡುತ್ತಾ, ತಿಳಿ ಹಳದಿಗೆ ಬಂದಾಗ ಪಿಷ್ಟ ಹಾಕಿ, ನೀಲಿ ಮಾಯವಾಗುವ ಹನಿಗೆ ನಿಲ್ಲಿಸಬೇಕು. ಈ ಲೆಕ್ಕದಲ್ಲಿ ಬ್ಯೂರೆಟ್ಟಿನ ಒಂದು ಮಿ.ಲೀ. ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. 200ರ ಬದಲು 201 ಏಕೆ ಎಂದು ಪರಿಶೀಲನಾ ಸಮಿತಿ ಕೇಳಬಹುದೆಂದು ಅವರಿಗೆ ಮೊದಲೇ ಹೇಳಿದ್ದೆ. ಎರಡು ಮಿ.ಲೀ. ರಾಸಾಯನಿಕ ಒಳಗೆ ಹೋದಾಗ ಅಷ್ಟೇ ನೀರು ಹೊರಗೆ ಹೋಗಿರುತ್ತದೆ, ಅದನ್ನು ತುಂಬಿಕೊಡುವ ಲೆಕ್ಕ ಅದು.

ಲ್ಯಾಬಿನ ನಲ್ಲಿ ನೀರಿನಲ್ಲಿ ಕೈ ಪಳಗಿದ ಮೇಲೆ ಕೆರೆಗೆ ಹೋದರು. ಅಲ್ಲಿ ಹಗ್ಗ ಕಟ್ಟಿದ ಬಕೆಟ್ ಎಸೆದು ನೀರೆತ್ತಿ, ಬಕೆಟ್ಟಿನಿಂದ ಬಾಟಲಿಗೆ ಸುರಿದರು. ನೋಡುವುದಕ್ಕೆ ಏನೂ ಕೊರತೆ ಕಾಣದು. ಆದರೆ ಬಕೆಟ್ ದಪ್ಪೆಂದು ಬೀಳುವಾಗ, ನೀರು ದಬದಬ ಸುರಿಯುವಾಗ ಗಾಳಿಯ ಆಮ್ಲಜನಕ ಕರಗುತ್ತದೆ. ಮೊದಲೇ ಆಮ್ಲಜನಕ ಕಡಿಮೆ ಇರುವ ನಸುಕಿನ ನೀರಿಗೆ ಅದು ಇನ್ನೂ ಬೇಗ ಸೇರುತ್ತದೆ. ಅಂದರೆ ಯಾವ ಕುಸಿತವನ್ನು ಹಿಡಿಯಲು ಹೊರಟಿದ್ದೇವೋ ಅದನ್ನೇ ಬಕೆಟ್ ಮುಚ್ಚಿಹಾಕುತ್ತದೆ. ಬಾಟಲಿಯನ್ನು ನೀರಿನೊಳಗೇ ತಳದಿಂದ ತುಂಬಿ, ಉಕ್ಕಿ ಹರಿಯಲು ಬಿಡುವ ಸ್ಯಾಂಪ್ಲರ್ ಬೇಕು. ಪಿವಿಸಿ ಪೈಪು, ಎರಡು ಕೊಳವೆ, ಕೆಳಗೆ ಸೀಸದ ತೂಕ ಇಟ್ಟು ಕಾಲೇಜಿನ ವರ್ಕ್‌ಶಾಪಿನಲ್ಲಿ ಒಂದನ್ನು ಮಾಡಿಸಿದರು. ಪ್ರಪೋಸಲ್‌ನಲ್ಲಿ ಅದರ ಚಿತ್ರ ಕೈಯಲ್ಲೇ ಬಿಡಿಸಿದ್ದಾರೆ. ಇಡೀ ಕಡತದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಅದು.

ಜಾಗಗಳು ಮೂರು: ಕಾಲುವೆ ಬಂದು ಸೇರುವ ಬಾಯಿ, ಏರಿಯ ನಡುವೆ ತೂಬಿನ ಹತ್ತಿರ, ಕೋಡಿ. ಹೊತ್ತು ಮೂರು: ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ, ಬೆಳಗ್ಗೆ 11, ಸಂಜೆ 4. ಪ್ರತಿ ಸಲವೂ ಜೋಡಿ ಬಾಟಲಿ. ದಿನಕ್ಕೆ 18 ಬಾಟಲಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆರು ದಿನ, ಒಟ್ಟು 108. ಹೊತ್ತನ್ನು ಗಡಿಯಾರಕ್ಕೆ ಕಟ್ಟದೆ ಸೂರ್ಯೋದಯಕ್ಕೆ ಕಟ್ಟಿದ್ದು ಮುಖ್ಯ. ಬೆಂಗಳೂರಿನಲ್ಲಿ ಫೆಬ್ರುವರಿ ಆರಂಭದಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಏಪ್ರಿಲ್ ಕೊನೆಗೆ 6ರ ಆಸುಪಾಸಿಗೆ. ಎಲ್ಲ ದಿನವೂ 6 ಗಂಟೆಗೇ ಎಂದು ಬರೆದಿದ್ದರೆ ಕೊನೆಯ ಮಾದರಿಗಳು ಬೆಳಕಿನಲ್ಲಿ ತೆಗೆದವಾಗುತ್ತಿದ್ದವು.

ಅಮೋನಿಯಾವನ್ನೂ ಸೇರಿಸಬೇಕೆಂದು ಒಬ್ಬಳು ಕೇಳಿದಳು. ‘ಡಿ’ ದರ್ಜೆಗೆ ಮುಕ್ತ ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಇದೆ. ಪಾಚಿ ಚುರುಕಾಗಿರುವ ಮಧ್ಯಾಹ್ನ ಪಿಎಚ್ ಏರಿ ಮುಕ್ತ ಅಮೋನಿಯಾದ ಪಾಲು ಹೆಚ್ಚುವುದೂ ನಿಜ. ಪ್ರಶ್ನೆ ಚೆನ್ನಾಗಿದೆ, ಅದು ಬೇರೆ ಪ್ರಾಜೆಕ್ಟ್. ಉಷ್ಣತೆ ಮತ್ತು ಪಿಎಚ್ ಮಾತ್ರ ಉಳಿಸಿಕೊಂಡೆವು.

ಇನ್ನು ಬೆಳಗಿನ ಜಾವ ಕೆರೆಗೆ ಹೋಗುವವರು ಯಾರು? ಹಾಸ್ಟೆಲ್ ಗೇಟು ತೆರೆಯುವುದೇ 6ಕ್ಕೆ. ಕತ್ತಲಲ್ಲಿ ಹುಡುಗಿಯರನ್ನು ಕಳಿಸಬಾರದೆಂದು ಒಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದರು. ಹುಡುಗರನ್ನು ಮಾತ್ರ ಕಳಿಸೋಣವೆಂದರೆ ಕೆರೆಯ ಪಕ್ಕದ ಮನೆಯವಳು ಒಪ್ಪಲಿಲ್ಲ, ಪ್ರಶ್ನೆ ತಂದವಳೇ ಅವಳು. ಕೊನೆಗೆ ನಸುಕಿನ ಪಾಳಿಗೆ ಸದಾ ಮೂವರು, ಅವರಲ್ಲೊಬ್ಬರು ಬೋಧಕರೋ ಲ್ಯಾಬ್ ಸಹಾಯಕರೋ ಆಗಿರಬೇಕು, ನೀರಿಗೆ ಇಳಿಯುವಂತಿಲ್ಲ, ಏರಿಯ ಮೇಲಿಂದಲೇ ಮಾದರಿ, ಲೈಫ್ ಜಾಕೆಟ್ ಕಡ್ಡಾಯ ಎಂದು ಬರೆದೆವು. ಗಂಧಕಾಮ್ಲವನ್ನು ಬೈಕಿನಲ್ಲಿ ಒಯ್ಯುವಂತಿಲ್ಲ. ಕೆರೆಯ ಬಳಿ ಮೊದಲ ಎರಡು ದ್ರಾವಣ ಹಾಕಿ ಆಮ್ಲಜನಕವನ್ನು ಹಿಡಿದಿಟ್ಟು, ಬಾಟಲಿಗಳನ್ನು ಬೆಳಕು ತಾಗದ ಡಬ್ಬಿಯಲ್ಲಿ ತಂದು, ಆಮ್ಲ ಮತ್ತು ಟೈಟ್ರೇಶನ್ ಕೆಲವೇ ಗಂಟೆಗಳೊಳಗೆ ಲ್ಯಾಬಿನಲ್ಲಿ. ಅಜೈಡ್ ವಿಷ, ಹಾಗಾಗಿ ಕೈಗವಸು ಬೇಕೇ ಬೇಕು, ಉಳಿದದ್ದನ್ನು ದಡದಲ್ಲಿ ಚೆಲ್ಲುವಂತಿಲ್ಲ. ಈ ಎಲ್ಲವೂ ಪ್ರಪೋಸಲ್‌ನಲ್ಲಿ ಒಂದು ಪೂರ್ತಿ ಪುಟ ತೆಗೆದುಕೊಂಡವು. ಅದು ದಂಡದ ಪುಟವಲ್ಲ. ಓದುವ ತಜ್ಞರಿಗೆ ಈ ಮಕ್ಕಳು ನಿಜವಾಗಿಯೂ ಕೆರೆಗೆ ಹೋಗಿಬಂದಿದ್ದಾರೆ ಎಂದು ತಿಳಿಯುವುದೇ ಅಂಥ ಪುಟದಿಂದ.

ಉಳಿದ ಭಾಗಗಳು

ಲಿಟರೇಚರ್ ರಿವ್ಯೂನಲ್ಲಿ ಮೊದಲು ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳ ಸಾರಾಂಶ ಒಂದರ ಕೆಳಗೊಂದು ಕೂತಿತ್ತು. ಹಲವನ್ನು ಸಾರಾಂಶಕ್ಕಿಂತ ಆಚೆ ಯಾರೂ ಓದಿರಲಿಲ್ಲ. ಅವುಗಳಲ್ಲಿ ತಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ ಐದನ್ನು ಮಾತ್ರ ಇಟ್ಟುಕೊಂಡು, ಪ್ರತಿಯೊಂದರಲ್ಲೂ ಮಾದರಿ ತೆಗೆದ ಹೊತ್ತು ಯಾವುದು, ಎಷ್ಟು ಸಲ ತೆಗೆದಿದ್ದಾರೆ ಎಂದು ಕೋಷ್ಟಕ ಮಾಡಿದರು. ಆ ಕೋಷ್ಟಕವೇ ಮಾತಾಡಿತು.

ಬಜೆಟ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರಾಸಾಯನಿಕ, ಒಂದಷ್ಟು ಹೊಸ ಬಾಟಲಿ, ಸ್ಯಾಂಪ್ಲರಿನ ಸಾಮಾನು, ಲೈಫ್ ಜಾಕೆಟ್, ಓಡಾಟ. ಪ್ರತಿ ಸಾಲೂ 108 ಬಾಟಲಿಗಳ ಲೆಕ್ಕದಿಂದ ಇಳಿದುಬಂದದ್ದರಿಂದ ಯಾರು ಕೇಳಿದರೂ ಉತ್ತರವಿತ್ತು. ಕೆರೆಯ ಉಸ್ತುವಾರಿ ಕಚೇರಿಯ ಅನುಮತಿ ಪತ್ರ ತಡವಾಯಿತು. ಅರ್ಜಿ ಕೊಟ್ಟ ಸ್ವೀಕೃತಿಯನ್ನೇ ಲಗತ್ತಿಸಿ, ಅನುಮತಿ ಬರುವವರೆಗೆ ಮಾದರಿ ತೆಗೆಯುವುದಿಲ್ಲ ಎಂದು ಬರೆದುಕೊಟ್ಟರು.

ಪರಿಶೀಲನಾ ಸಮಿತಿಯ ಮುಂದೆ

ಹತ್ತು ನಿಮಿಷದ ಮಂಡನೆ. ಮೊದಲ ಸ್ಲೈಡಿನಲ್ಲೇ ಎರಡು ಬಾಟಲಿಗಳ ಫೋಟೋ ಹಾಕಿದ್ದರು. ಅನುಮತಿಯ ತಂಟೆಯಿಲ್ಲದ, ಕಾಲೇಜಿನದ್ದೇ ಆವರಣದ ಹಸಿರು ಕಟ್ಟಿದ ಹೊಂಡದ ನೀರು ಅದು. ನಸುಕಿನ ಬಾಟಲಿಯ ಗಸಿ ಪೇಲವ ಕೆನೆಬಣ್ಣ, ಬೆಳಗ್ಗೆ 11ರದ್ದು ಗಾಢ ಕಂದು. ಸಂಖ್ಯೆ ಏನನ್ನೂ ಹೇಳಲಿಲ್ಲ, ವಿಧಾನ ಕೆಲಸ ಮಾಡುತ್ತದೆ ಎಂದಷ್ಟೇ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದು ಸರಿಯಾಯಿತು.

ಹಿರಿಯ ಸದಸ್ಯರೊಬ್ಬರ ಪ್ರಶ್ನೆ ಖಾರವಾಗಿತ್ತು: ಸಂಜೆ 4ಕ್ಕೆ ಆಮ್ಲಜನಕ 10 ಮಿಲಿಗ್ರಾಂ ಬಂದರೆ ಕೆರೆ ತುಂಬ ಶುದ್ಧ ಎನ್ನುತ್ತೀರಾ? ಇದಕ್ಕೆ ತಂಡ ಸಿದ್ಧವಾಗಿತ್ತು. 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಬೆಂಗಳೂರು ಇರುವುದು 900 ಮೀಟರಿನಷ್ಟು ಎತ್ತರದಲ್ಲಿ, ವಾಯುಭಾರ ಕಡಿಮೆ, ಆದ್ದರಿಂದ ಇಲ್ಲಿ ಅದು ಸುಮಾರು 7.4. ಅದಕ್ಕಿಂತ ಬಹಳ ಮೇಲೆ ಹೋದರೆ ಹೆಚ್ಚುವರಿ ಬಂದದ್ದು ಪಾಚಿಯಿಂದ, ಅಂದರೆ ಅದು ಕೆರೆ ಅತಿಯಾಗಿ ಉಂಡಿರುವುದರ ಲಕ್ಷಣ. ಮಧ್ಯಾಹ್ನ ಎಷ್ಟು ಮೇಲೇರುತ್ತದೋ ನಸುಕಿನಲ್ಲಿ ಅಷ್ಟೇ ಕೆಳಗಿಳಿಯುವ ಅಪಾಯವಿದೆ. ಸಂಜೆಯ ಮಾದರಿಯನ್ನು ಇಟ್ಟುಕೊಂಡಿರುವುದೇ ಅದಕ್ಕೆ ಎಂದು ತಂಡದ ಹುಡುಗಿಯೊಬ್ಬಳು ಹೇಳಿದಾಗ ಅವರು ತಲೆಯಾಡಿಸಿ ಬರೆದುಕೊಂಡರು.

ಎರಡನೆಯ ಪ್ರಶ್ನೆ: ಒಂದು ಕೆರೆ, ಆರು ದಿನ, ಇಷ್ಟರಿಂದ ಬೆಂಗಳೂರಿನ ಬಗ್ಗೆ ಏನು ಹೇಳಬಲ್ಲಿರಿ? ಏನೂ ಹೇಳುವುದಿಲ್ಲ ಎಂದು ಒಬ್ಬ ಉತ್ತರಿಸಿದ. ಈ ಕೆರೆಯಲ್ಲಿ, ಬೇಸಿಗೆಯ ಈ ತಿಂಗಳುಗಳಲ್ಲಿ, ಹೊತ್ತಿನಿಂದ ದರ್ಜೆ ಬದಲಾಗುತ್ತದೆಯೇ ಎಂಬುದಷ್ಟೇ ತಮ್ಮ ಮಾತು. ಬದಲಾಗುತ್ತದೆ ಎಂದು ಕಂಡರೆ ಉಳಿದ ಕೆರೆಗಳಲ್ಲೂ ನಸುಕಿನಲ್ಲಿ ಒಮ್ಮೆ ನೋಡಲು ಅದು ಸಾಕಷ್ಟು ಕಾರಣ. ಬದಲಾಗದಿದ್ದರೆ ಹಗಲಿನ ಒಂದು ಮಾದರಿಯನ್ನೇ ಈ ಕೆರೆಯ ಮಟ್ಟಿಗೆ ಹೆಚ್ಚು ಧೈರ್ಯದಿಂದ ನಂಬಬಹುದು. ‘ನಿರೀಕ್ಷಿತ ಫಲಿತಾಂಶ’ ಎಂಬ ಭಾಗದಲ್ಲಿ ಈ ಎರಡನ್ನೂ ಒಂದೇ ತೂಕದಲ್ಲಿ ಬರೆದಿದ್ದರು. ವಿದ್ಯಾರ್ಥಿಗಳ ಪ್ರಪೋಸಲ್‌ಗಳಲ್ಲಿ ಇದು ಅಪರೂಪ, ನನಗೆ ಅವರ ಬಗ್ಗೆ ಹೆಮ್ಮೆ ಎನಿಸಿದ್ದು ಇಲ್ಲಿ.

ಸಮಿತಿ ಒಪ್ಪಿತು, ಎರಡು ಷರತ್ತು ಹಾಕಿತು. ಮೊದಲನೆಯದು, ಪ್ರತಿ ದಿನದ ಹಿಂದಿನ ಮಧ್ಯಾಹ್ನ ಮೋಡ ಎಷ್ಟಿತ್ತು ಎಂದು ದಾಖಲಿಸಬೇಕು. ಮೀನು ಹಿಡಿಯುವವರು ಹೇಳಿದ್ದು ಮೋಡದ ಮಾರನೇ ದಿನದ ಮಾತು, ಪ್ರಪೋಸಲ್‌ನಲ್ಲಿ ಮಾತ್ರ ಮೋಡಕ್ಕೆ ಜಾಗವೇ ಇರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ನೀಲಿ ಮಾಯವಾಗುವ ಕೊನೆಯ ಹನಿಯನ್ನು ಕಣ್ಣೇ ನಿರ್ಧರಿಸುವುದರಿಂದ, ಇದು ನಸುಕಿನ ಬಾಟಲಿ ಎಂದು ಗೊತ್ತಿದ್ದವರ ಕೈ ಒಂದು ಹನಿ ಮೊದಲೇ ನಿಲ್ಲಬಹುದು. ಹಾಗಾಗಿ ಬಾಟಲಿಯ ಮೇಲೆ ಹೊತ್ತು, ಜಾಗ ಬರೆಯಬಾರದು, ಬರೀ ಅಂಕಿ ಇರಬೇಕು. ಅಂಕಿಯ ಪಟ್ಟಿ ಮಾದರಿ ತಂದವರ ಬಳಿ, ಟೈಟ್ರೇಶನ್ ಇನ್ನೊಬ್ಬರ ಕೈಯಲ್ಲಿ. ಆದರೆ ನಸುಕಿನ ಬಾಟಲಿಗಳು ಲ್ಯಾಬಿಗೆ ಬರುವುದು ಬೆಳಗ್ಗೆ, ಆ ಹೊತ್ತಿಗೆ ಬೇರೆ ಬಾಟಲಿಯೇ ಇರುವುದಿಲ್ಲ, ಅಂಕಿ ಹಾಕಿದರೂ ಗುಟ್ಟು ಉಳಿಯದಲ್ಲ ಎಂದು ತಂಡವೇ ಪ್ರಶ್ನೆ ಎತ್ತಿತು. ಗಸಿ ಹಿಡಿದಿಟ್ಟ ನಸುಕಿನ ಬಾಟಲಿಗಳನ್ನು ಕತ್ತಲ ಡಬ್ಬಿಯಲ್ಲಿ ನೀರಿನಡಿ ಮುಳುಗಿಸಿಟ್ಟು, 11ರ ಬಾಟಲಿಗಳು ಬಂದ ಮೇಲೆ ಎರಡನ್ನೂ ಬೆರೆಸಿ ಒಟ್ಟಿಗೇ ಟೈಟ್ರೇಟ್ ಮಾಡುವುದೆಂದು ತೀರ್ಮಾನವಾಯಿತು. ಸಂಜೆಯವನ್ನು ಪ್ರತ್ಯೇಕವಾಗಿ ಮಾಡಬೇಕು, ಅದರ ಮಿತಿಯನ್ನು ವರದಿಯಲ್ಲಿ ಹೇಳಬೇಕು. ಈ ಎರಡೂ ಬದಲಾವಣೆ ಸೇರಿಸಿ, ಕೆರೆಯ ಹೆಸರಿರುವ ಪ್ರತಿಯನ್ನು ಪ್ರಿನ್ಸಿಪಾಲರ ಸಹಿಗೆ ಕಳಿಸಿದರು.